ಜಾಲರಿ ಪೆಟ್ಟಿಗೆಯ ಕರ್ಪೂರ

ಬೆಳ್ಳೂರಿನ ಸಮೀಪದ ಒಂದು ಹಿರಿಯ ಪ್ರಾಥಮಿಕ (ಯು.ಪಿ.) ಶಾಲೆಯಲ್ಲಿ ಸೌದಾಮಿನಿ ಟೀಚರು ವಿಜ್ಞಾನವನ್ನು ಕಲಿಸುತ್ತಿದ್ದರು. ದ್ರವ್ಯವು ಸ್ಥಳವನ್ನು ಆಕ್ರಮಿಸುತ್ತದೆ, ಅದಕ್ಕೆ ತೂಕವುಂಟು, ಘನ ದ್ರವ ಅನಿಲವೆಂಬ ಸ್ಥಿತಿಗಳುಂಟು ಎಂದು ಬಾಯಿಪಾಠ ಮಾಡಿಸಿ ಮುಗಿಸುವವರು ಅವರಲ್ಲ. ಬರಿದಾದ ಲೋಟವನ್ನು ಬೋರಲಾಗಿ ಬಕೆಟಿನ ನೀರಿಗೆ ಅದುಮಿಸಿ, ಒಳಗಿನ ಗಾಳಿ ನೀರಿಗೆ ಎಡೆಗೊಡದೆ ಎದುರೊತ್ತುವುದನ್ನು ಪ್ರತಿಯೊಂದು ಮಗುವಿನ ಅಂಗೈಗೂ ತಿಳಿಸಿದ ಮೇಲೆಯೇ ಮುಂದಿನ ಪುಟ. ಶುಕ್ರವಾರ ಸಂಜೆ ಊರಿನ ಭಜನಾ ಮಂದಿರದಲ್ಲಿ ತಾಳ ಹಿಡಿದು ಹಾಡುತ್ತಿದ್ದವರೂ ಅವರೇ.

೧೯೯೧ರ ಮಳೆಗಾಲಕ್ಕೆ ಮುನ್ನ ಮಂದಿರದ ಅಧ್ಯಕ್ಷರಾದ ಈಶ್ವರಪ್ರಸಾದರು ದೇವರಿಗೆ ಹಲಸಿನ ಮರದ ಪೆಟ್ಟಿಗೆಯೊಂದನ್ನು ಒಪ್ಪಿಸಿದರು. ಮುಚ್ಚಳದ ತುಂಬ ಬಳ್ಳಿಯ ಜಾಲರಿ ಕೆತ್ತನೆ. ಬಿಸ್ಕತ್ತಿನ ಡಬ್ಬಿ ದೇವರಿಗೆ ಶೋಭೆಯಲ್ಲವೆಂದು, ಅದುವರೆಗೆ ಅದರಲ್ಲಿದ್ದ ನವರಾತ್ರಿಯ ಕರ್ಪೂರವನ್ನೆಲ್ಲ ಭಕ್ತಿಯಿಂದ ಪೆಟ್ಟಿಗೆಗೆ ಸುರಿದರು. ವಾಡಿಕೆಯಂತೆ ಒಂದು ಹಿಡಿ ಒಳ್ಳೆಮೆಣಸಿನ ಕರಿ ಕಾಳುಗಳನ್ನೂ ಹಾಕಿದರು. ಬೀಗದ ಕೈ ಮಂದಿರವನ್ನು ಗುಡಿಸಿ ಸಾರಿಸುವ ಅಮ್ಮಣಿಯ ಬಳಿ ಉಳಿಯಿತು.

ನವರಾತ್ರಿಯ ಮೊದಲ ಸಂಜೆ ಪೆಟ್ಟಿಗೆ ತೆರೆದಾಗ ತಳದಲ್ಲಿ ಕರಿಯ ಮೆಣಸು, ಅದರ ನಡುವೆ ಬೆರಳಿಗೂ ಸಿಗದ ಬಿಳಿಯ ಚೂರುಗಳು.

“ಕೀ ಇದ್ದದ್ದು ನಿನ್ನ ಕೈಯಲ್ಲಿ. ಕರ್ಪೂರಕ್ಕೆ ಎಂತ ಕಾಲು ಉಂಟಾ?” ಎಂದರು ಈಶ್ವರಪ್ರಸಾದರು, ನೆರೆದವರೆಲ್ಲರ ಮುಂದೆ.

“ದೇವರಾಣೆ, ನಾನು ಮುಟ್ಟಲಿಲ್ಲ ಈಶ್ವರಣ್ಣ,” ಎಂದು ಅಮ್ಮಣಿ ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದಳು. ಆಕೆ ಕೆಲಸಕ್ಕೆ ಹೋಗುತ್ತಿದ್ದ ಮನೆಗಳಲ್ಲಿಯೂ ಆ ವಾರದಿಂದ ಕಪಾಟುಗಳಿಗೆ ಬೀಗ ಬಿತ್ತು.

ಸೌದಾಮಿನಿ ಟೀಚರು ಸುಮ್ಮನಿರಲಾರದೆ ಹೋದರು. “ಅದು ಕಳವಲ್ಲ ಈಶ್ವರಣ್ಣ. ಕರ್ಪೂರ ನೀರಾಗದೆ ನೇರ ಅನಿಲ ಆಗ್ತದೆ. ಜಾಲರಿಯಲ್ಲಿ ಹೊರಗೆ ಹೋಗಿದೆ.”

“ಒಳ್ಳೆಮೆಣಸು ಹಾಕಿದ್ದೇವಲ್ಲ ಟೀಚರೆ! ಮೆಣಸು ಇದ್ದರೆ ಕರ್ಪೂರ ಹೋಗುವುದುಂಟಾ? ನನ್ನ ಅಜ್ಜನ ಕಾಲದ ಕ್ರಮ ಅದು.”

ಮರುದಿನ ತರಗತಿಯಲ್ಲಿ ಟೀಚರು ಬಟ್ಟಲಲ್ಲಿ ಕರ್ಪೂರವಿಟ್ಟು, ಮೇಲೆ ತಣ್ಣೀರು ತುಂಬಿದ ಚೆಂಬನ್ನು ಕೂರಿಸಿ, ಅಡಿಯಿಂದ ಮೆಲ್ಲಗೆ ಕಾಯಿಸಿದರು. ಬಟ್ಟಲಿನದು ಕರಗದೆಯೇ ಕಾಣದಾಗಿ, ಚೆಂಬಿನ ತಳದಲ್ಲಿ ಬೆಳ್ಳಗೆ ಕೂತಿತು. ಮಕ್ಕಳು ಈ ಸಂಗತಿಯನ್ನು ಮನೆಮನೆಗೆ ಮುಟ್ಟಿಸಿದರು. ಈಶ್ವರಪ್ರಸಾದರು ಕೇಳಿ ನಕ್ಕರು. “ಬೆಂಕಿ ಇಟ್ಟರೆ ಯಾವುದೂ ಹೋಗ್ತದೆ. ಪೆಟ್ಟಿಗೆಯೊಳಗೆ ಒಲೆ ಇತ್ತಾ?”

ಆ ಮಾತಿನಲ್ಲಿ ನ್ಯಾಯವಿದೆಯೆಂದು ಟೀಚರಿಗೂ ತೋರಿತು. ಅವರು ಹಟ ಬಿಡಲಿಲ್ಲ. ಪರೀಕ್ಷೆಯ ಕ್ರಮವನ್ನು ಬದಲಿಸಿದರು. ಅದೇ ಪೆಟ್ಟಿಗೆಯಲ್ಲಿ ಹೊಸ ಕರ್ಪೂರ, ಅದೇ ಮೆಣಸು. ಬಿಗಿ ಮುಚ್ಚಳದ ಆ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಯೂ ಅಷ್ಟೇ ತೂಕದ ಕರ್ಪೂರ, ಅಷ್ಟೇ ಮೆಣಸು. ತೂಗುವ ತಕ್ಕಡಿ ಈಶ್ವರಪ್ರಸಾದರ ಅಂಗಡಿಯದು. ಎರಡಕ್ಕೂ ಬೀಗ, ಬೀಗದ ಕೈ ಈಶ್ವರಪ್ರಸಾದರ ಸೊಂಟದಲ್ಲಿಯೇ. ತೆರೆಯುವುದು ಶಿವರಾತ್ರಿಗೆ.

“ಶಿವರಾತ್ರಿ ತನಕ ನಾನು ಕಳ್ಳಿಯಾ ಟೀಚರೆ?” ಎಂದು ಅಮ್ಮಣಿ ಕೇಳಿದಳು.

“ನನಗೆ ಗೊತ್ತುಂಟು ಅಂದರೆ ಸಾಲುವುದಿಲ್ಲ ಅಮ್ಮಣಿಯಕ್ಕ. ಅವರ ಕಣ್ಣಿಗೇ ಕಾಣಬೇಕು.” ಅಂದಿನಿಂದ ಟೀಚರು ಶಾಲೆಗೆ ಹೊರಡುವಾಗ ತಮ್ಮ ಮನೆಯ ಬೀಗದ ಕೈಯನ್ನು ದಾರಿಯಲ್ಲಿ, ಜನರು ಕಾಣುವಂತೆಯೇ, ಅಮ್ಮಣಿಯ ಕೈಗೆ ಕೊಟ್ಟು ಹೋಗತೊಡಗಿದರು.

ಶಿವರಾತ್ರಿಯ ಸಂಜೆ ಭಜನೆಯ ನಡುವೆ ಬೀಗಗಳನ್ನು ತೆರೆದರು. ಡಬ್ಬಿಯ ಕರ್ಪೂರ ಹೆಚ್ಚು ಕಡಿಮೆ ಹಾಕಿದಷ್ಟೇ ತೂಗಿತು. ಪೆಟ್ಟಿಗೆಯಲ್ಲಿ ಮೆಣಸು ಮಾತ್ರ ಪೂರ್ತಿ ಉಳಿದಿತ್ತು. ಅದರ ಕರ್ಪೂರವನ್ನಿಟ್ಟ ತಕ್ಕಡಿಯ ತಟ್ಟೆ ಮೇಲೆದ್ದು ನಿಂತಿತು.

“ಹಾಗಾದರೆ ಹೋದದ್ದು ಎಲ್ಲಿಗೆ ಮಾರಾಯ್ರೆ?” ಎಂದರು ಹಾರ್ಮೋನಿಯಂ ಬಾರಿಸುತ್ತಿದ್ದ ಹೊನ್ನಯ್ಯ.

“ಇಲ್ಲವಾಗಿ ಹೋಗಲಿಲ್ಲ. ಮಂದಿರದ ಬಾಗಿಲು ತೆರೆದ ಕೂಡಲೆ ಪರಿಮಳ ಬರ್ತಿತ್ತಲ್ಲ, ಅದೇ ಅದು. ನಾವೆಲ್ಲ ಉಸಿರಿನಲ್ಲಿ ಎಳೆದುಕೊಂಡಿದ್ದೇವೆ,” ಎಂದರು ಟೀಚರು.

“ಹಾಗಾದರೆ ಕದ್ದದ್ದು ನಾವೇ,” ಎಂದ ಹೊನ್ನಯ್ಯನ ಮಾತಿಗೆ ಎಲ್ಲರೂ ನಕ್ಕರು. ಈಶ್ವರಪ್ರಸಾದರು ನಗಲಿಲ್ಲ. ಟೀಚರ ಬಳಿಗೆ ಬಂದು ತಗ್ಗಿದ ದನಿಯಲ್ಲಿ, “ನಾಳೆಯಿಂದ ಬರಲಿಕ್ಕೆ ಅಮ್ಮಣಿಗೆ ಹೇಳಿ,” ಎಂದರು.

“ನಾನಲ್ಲ, ನೀವು ಹೇಳಬೇಕು. ಇಲ್ಲಿಯೇ.”

“ನಾನು ಅಧ್ಯಕ್ಷ ಅಲ್ವಾ ಟೀಚರೆ?”

“ಅದಕ್ಕೇ.”

ಟೀಚರು ತಾಳವನ್ನು ಕೆಳಗಿಟ್ಟರು. ಅಮ್ಮಣಿ ಬರುವವರೆಗೆ ಭಜನೆ ಮುಗಿಸುವ ಮಂಗಳದ ಹಾಡನ್ನು ತಾವು ಎತ್ತಿಕೊಡುವುದಿಲ್ಲವೆಂದರು. ಈಶ್ವರಪ್ರಸಾದರು ಕ್ಷಣಹೊತ್ತು ದೇವರ ಕಡೆ ನೋಡಿ, ಅಮ್ಮಣಿಯನ್ನು ಕರೆತರಲು ಹೊನ್ನಯ್ಯನನ್ನು ಕಳುಹಿಸಿದರು.

ಅಮ್ಮಣಿ ಬಂದು ಹೊಸ್ತಿಲ ಹೊರಗೇ ನಿಂತಳು. ಈಶ್ವರಪ್ರಸಾದರು ಎದ್ದು ನಿಂತು, “ಅಮ್ಮಣಿ ಏನೂ ತೆಗೆಯಲಿಲ್ಲ. ಹೇಳಿದ್ದು ನನ್ನ ತಪ್ಪು,” ಎಂದರು.

ಅಮ್ಮಣಿ ಸೆರಗನ್ನು ಬಿಗಿದುಕೊಂಡಳು. “ನನಗೆ ಕೇಳಿತು ಈಶ್ವರಣ್ಣ. ಆ ಹಿಂದೆ ಗೋಡೆ ಹತ್ತಿರ ಕೂತವರಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿ.”

ಅವರು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು.