ಒರತೆಯ ಕಾಲು

ಜಿಪಾರ್ ನಮ್ಮ ವಕೀಲರ ಕಚೇರಿಗೆ ಸೇರಿದ್ದು ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ. ನಾರಿನ್ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ರಾಜಧಾನಿ ಬಿಷ್ಕೆಕ್‌ಗೆ ಬಂದು ಕಾನೂನು ಓದಿ, ತರಗತಿಗೇ ಮೊದಲಿಗಳಾಗಿದ್ದಳು. ಕಚೇರಿಯ ಹಳೆಯ ಕಡತಗಳನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು. ಅವಳ ಮೇಜು ನನ್ನ ಕೋಣೆಯ ಬಾಗಿಲಿಗೆ ಅಂಟಿಕೊಂಡೇ ಇತ್ತು.

ಮೊದಲ ತಿಂಗಳಲ್ಲೇ ಒಂದು ಸಭೆಯಲ್ಲಿ ಅವಳು ರಷ್ಯನ್ ಮಾತೊಂದನ್ನು ತನ್ನೂರಿನ ಧಾಟಿಯಲ್ಲಿ ಎಳೆದು ಹೇಳಿದಳಂತೆ. ಮಾಸ್ಕೋದಲ್ಲಿ ಓದಿ ಬಂದ ವಕೀಲ ಎಲ್ದಾರ್ ಅದನ್ನು ಹಾಗೆಯೇ ಎಳೆದು ತೋರಿಸಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಲ್ಲಿಂದ ಮುಂದೆ ಸಭೆಯಲ್ಲಿ ಅವಳು ಬಾಯಿ ತೆರೆಯಲಿಲ್ಲ. ಎರಡು ಸಾಲಿನ ಪತ್ರ ಕಳಿಸಲು ಅರ್ಧ ದಿನ ಬೇಕು. ಬರೆಯುವಳು, ಅಳಿಸುವಳು, ಮತ್ತೆ ಅದನ್ನೇ ಬರೆಯುವಳು. ಮಧ್ಯಾಹ್ನ ಉಳಿದವರು ಗುಂಪಾಗಿ ಹೋಟೆಲಿಗೆ ಹೊರಟರೆ, ಇವಳು ನನ್ನ ಕಡತಗಳ ಸಂದಿಯಲ್ಲಿ ಕುರ್ಚಿ ಹಾಕಿಕೊಂಡು ಊರಿಂದ ತಂದ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡುಗಳನ್ನು ಚಹಾದಲ್ಲಿ ಅದ್ದಿ ತಿನ್ನುವಳು. ತಾಯಿ ಫೋನ್ ಮಾಡಿದಾಗ ಮಾತ್ರ ದನಿ ಏರುತ್ತಿತ್ತು. "ಚೆನ್ನಾಗಿದೀನಮ್ಮ. ಎಲ್ಲರೂ ತುಂಬಾ ಒಳ್ಳೆಯವರು. ಈಗ ಎಲ್ಲರ ಜೊತೆ ಊಟಕ್ಕೆ ಕೂತಿದೀನಿ."

ಆ ಚಳಿಗಾಲದಲ್ಲಿ ನೀರು ಬಾಟಲಿ ತುಂಬುವ ಕಂಪನಿಯೊಂದರ ಪರವಾಗಿ ನಾವು ದಾವೆ ನಡೆಸುತ್ತಿದ್ದೆವು. ಬೆಟ್ಟದ ಊರೊಂದರ ಒರತೆಯಿಂದ ಕಂಪನಿ ನೀರೆಳೆಯುತ್ತಿತ್ತು. ಒಪ್ಪಿಗೆ ಕೊಟ್ಟಿಲ್ಲವೆಂದು ಊರಿನವರು ಕೋರ್ಟಿಗೆ ಹೋಗಿದ್ದರು. ಕೊಟ್ಟಿದ್ದಾರೆ ಎನ್ನುವುದಕ್ಕೆ ನಮ್ಮ ಬಳಿ ಊರಸಭೆಯ ನಡಾವಳಿ ಇತ್ತು: ಕಿರ್ಗಿಜ್‌ನಲ್ಲಿ ಮೂಲ, ಜೊತೆಗೆ ಮೊಹರು ಬಿದ್ದ ರಷ್ಯನ್ ಅನುವಾದ. ಜಿಪಾರ್‌ಗೆ ಕೊಟ್ಟ ಕೆಲಸ ಪುಟಗಳಿಗೆ ಸಂಖ್ಯೆ ಹಾಕುವುದಷ್ಟೇ. ಅವಳು ಓದಿಬಿಟ್ಟಳು.

"ಸೊನುನ್ ಎಜೆ, ಇಲ್ಲಿ ನೋಡಿ," ಎಂದು ಸೋಮವಾರ ನನ್ನ ಬಳಿ ಬಂದಳು. ಅಲ್ಲಿ ನನ್ನನ್ನು ಅಕ್ಕ ಎನ್ನುವವಳು ಅವಳೊಬ್ಬಳೇ. "ಅನುವಾದದಲ್ಲಿ ಒರತೆಯಿಂದ ಅಂತಿದೆ. ಮೂಲದಲ್ಲಿ ಒರತೆಯ ಕಾಲಿನಿಂದ ಅಂತಿದೆ. ನಮ್ಮ ಕಡೆ ಒರತೆಯ ಕಾಲು ಅಂದ್ರೆ ಊರು ದಾಟಿ ಕೆಳಗೆ ನೀರು ಹರಿದು ಹೋಗೋ ಜಾಗ. ಕಂಪನಿಯವರು ಪೈಪ್ ಹಾಕಿರೋದು ಮೇಲೆ, ತಲೆಯಲ್ಲಿ."

"ಹಾಗಿದ್ರೆ ಹೋಗಿ ಹೇಳು."

"ದಮೀರಾ ಕಾಸಿಮೊವ್ನಾ ಓದಿದಾರೆ, ಎಲ್ದಾರ್ ಓದಿದಾನೆ, ಅನುವಾದಕರ ಮೊಹರಿದೆ. ನಾನೊಬ್ಬಳೇ ಬೇರೆ ಓದ್ತಿದೀನಿ ಅಂದ್ರೆ ತಪ್ಪು ನಂದೇ ಅಲ್ವಾ?"

ದಮೀರಾ ಕಾಸಿಮೊವ್ನಾ ನಮ್ಮ ಕಚೇರಿಯ ಹಿರಿಯ ವಕೀಲೆ. ಮಂಗಳವಾರ ಜಿಪಾರ್ ಅವರ ಬಾಗಿಲವರೆಗೆ ಹೋಗಿ ವಾಪಸು ಬಂದಳು. ಬುಧವಾರ ನನ್ನ ಕೋಣೆಯಿಂದಲೇ ಅಜ್ಜಿಗೆ ಫೋನ್ ಮಾಡಿದಳು. ಮುದುಕಿಯ ದನಿ ನನಗೂ ಕೇಳುವಷ್ಟು ದೊಡ್ಡದು.

"ಒರತೆಯ ಕಾಲು ಅಂದ್ರೇನು ಅಂತ ಕೇಳೋಕೆ ಫೋನ್ ಮಾಡಿದ್ಯಾ? ಊರ ಕೆಳಗೆ ಕುದುರೆಗೆ ನೀರು ಕುಡಿಸೋ ಜಾಗ ಕಣೇ. ಚಿಕ್ಕೋಳಿದ್ದಾಗ ಅಲ್ಲೇ ಬಿದ್ದು ಹಲ್ಲು ಮುರ್ಕೊಂಡಿಲ್ವಾ? ಪಟ್ಟಣದ ನೀರು ಕುಡಿದು ಬುದ್ಧಿನೂ ಹೋಯ್ತಾ?" ಆಮೇಲೆ, "ಊಟ ಮಾಡ್ತಿದೀಯಾ?" ಎಂದಳು.

"ಮಾಡ್ತಿದೀನಿ ಅಜ್ಜಿ," ಎಂದಳು ಜಿಪಾರ್. ಫೋನ್ ಇಟ್ಟಮೇಲೆ ಗೋಡೆಯ ಕಡೆ ತಿರುಗಿ ಕೂತಳು.

ಗುರುವಾರ ದಮೀರಾ ಅವರ ಕೋಣೆಗೆ ನಾನು ಕಡತಗಳನ್ನು ಹೊತ್ತುಕೊಂಡು ಹೋಗಿದ್ದೆ. ಮರುದಿನವೇ ವಿಚಾರಣೆ, ಎಲ್ದಾರ್ ಕೂಡ ಅಲ್ಲೇ ಇದ್ದ. ಜಿಪಾರ್ ಒಳಗೆ ಬಂದು ನಿಂತಳು.

"ಜೋರಾಗಿ ಹೇಳು, ಕೇಳಿಸ್ತಿಲ್ಲ," ಎಂದರು ದಮೀರಾ.

ಅವಳು ಅಜ್ಜಿಯ ಕುದುರೆ ಮಾತನ್ನೂ ಸೇರಿಸಿ ಮತ್ತೆ ಮೊದಲಿಂದ ಹೇಳಿದಳು.

ಎಲ್ದಾರ್ ಕುರ್ಚಿಗೆ ಒರಗಿ, "ಈಗ ಕುದುರೆಗಳನ್ನೇ ಸಾಕ್ಷಿಗೆ ಕರೆಸೋಣ್ವಾ?" ಎಂದ.

ದಮೀರಾ ನಗಲಿಲ್ಲ. ಅವರು ಪಟ್ಟಣದಲ್ಲೇ ಬೆಳೆದವರು, ಕಿರ್ಗಿಜ್ ಅಷ್ಟಕ್ಕಷ್ಟೇ. "ನಿನಗೆ ಖಚಿತನಾ?"

"ನನ್ನ ಬಗ್ಗೆ ನನಗೆ ಖಚಿತ ಇಲ್ಲ. ಆದ್ರೆ ನಮ್ಮ ಕಡೆ ಆ ಮಾತಿಗೆ ಬೇರೆ ಅರ್ಥ ಇಲ್ಲ."

"ಯಾವತ್ತು ಗಮನಿಸಿದೆ?"

"ಸೋಮವಾರ."

"ಇವತ್ತು ಗುರುವಾರ," ಎಂದರು ದಮೀರಾ.

ಅವರು ಕೋರ್ಟಿನಲ್ಲಿ ಸಮಯ ಕೇಳಿ, ಬೇರೆ ಇಬ್ಬರಿಂದ ಅನುವಾದ ಮಾಡಿಸಿದರು. ಇಬ್ಬರೂ ಜಿಪಾರ್ ಹೇಳಿದ್ದನ್ನೇ ಬರೆದುಕೊಟ್ಟರು. ಕಂಪನಿಯ ಯಜಮಾನ ಕೂಗಾಡಿದ. ಕೊನೆಗೆ ಪೈಪನ್ನು ಊರಿನ ಕೆಳಗೆ ಸರಿಸಲು ಒಪ್ಪಿದ. ಊರಿನವರು ದಾವೆ ಹಿಂದಕ್ಕೆ ಪಡೆದರು. ರಾಜಿಪತ್ರದಲ್ಲಿ ದಮೀರಾ ಮತ್ತು ಎಲ್ದಾರ್ ಅವರ ಸಹಿ ಇತ್ತು. ಅದನ್ನು ಕಡತಕ್ಕೆ ಸೇರಿಸಿದವಳು ನಾನೇ. ಶಹಭಾಸ್ ಅಂತ ಅವಳಿಗೆ ಯಾರೂ ಅನ್ನಲಿಲ್ಲ.

"ನೀನು ಹೇಳಿದ್ದೇ ಸರಿಯಾಯ್ತಲ್ಲ," ಎಂದೆ.

"ಅವರ ನೆನಪಲ್ಲಿ ಉಳಿಯೋದು ನಾನು ಸುಮ್ಮನಿದ್ದ ಆ ಮೂರು ದಿನ, ಎಜೆ," ಎಂದಳು. ಗೆದ್ದವಳ ಮುಖವಾಗಿರಲಿಲ್ಲ ಅದು.

ಆದರೆ ಆಮೇಲೆ ಕಚೇರಿಗೆ ಬಂದ ಕಿರ್ಗಿಜ್ ಕಾಗದಗಳೆಲ್ಲ ಅವಳ ಮೇಜಿಗೆ ಬರತೊಡಗಿದವು. ದಮೀರಾ ಅವರೇ ಹಾದುಹೋಗುವಾಗ ಇಟ್ಟು ಹೋಗುತ್ತಿದ್ದರು. ಏಪ್ರಿಲ್‌ನಲ್ಲಿ ತಲಾಸ್ ಕಡೆಯ ರೈತನೊಬ್ಬ ತಮ್ಮಂದಿರ ಜೊತೆಗಿನ ಹುಲ್ಲುಗಾವಲಿನ ಜಗಳ ಹೇಳಿಕೊಳ್ಳಲು ಬಂದಾಗ, ದಮೀರಾ ಬಾಗಿಲಲ್ಲಿ ನಿಂತು, "ಜಿಪಾರ್, ನೀನೇ ಕೂತ್ಕೋ," ಎಂದರು.

ನಾನು ಚಹಾ ತೆಗೆದುಕೊಂಡು ಹೋದೆ. ಮೇಜಿನ ಕೆಳಗೆ ಅವಳ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು. ರೈತ ಕೇಳಿದ, "ಮಗಳೇ, ಹಾಗಾದ್ರೆ ಹುಲ್ಲುಗಾವಲು ನನಗೆ ಸಿಗುತ್ತಾ, ಇಲ್ವಾ?"

"ನನಗೆ ಗೊತ್ತಿಲ್ಲ ಬಾಯ್ಕೆ," ಎಂದಳು ಜಿಪಾರ್, ಊರಲ್ಲಿ ಹಿರಿಯಣ್ಣನನ್ನು ಕರೆಯುವ ಹಾಗೆ. ದನಿ ನೆಟ್ಟಗಿತ್ತು. "ಕಾಗದ ಪೂರ್ತಿ ನೋಡಿ ಶುಕ್ರವಾರ ಹೇಳ್ತೀನಿ."

ಆ ಮನುಷ್ಯ ತಲೆಯಾಡಿಸಿ ಚಹಾ ಕುಡಿದ.

ಸಂಜೆ ಅವಳು ಆ ಕಡತವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಕಿಟಕಿಯಿಂದ ನೋಡಿದೆ. ಉಳಿದವರು ಮೆಟ್ಟಿಲ ಬಳಿ ಹರಟುತ್ತ ನಿಂತಿದ್ದರು. ಅವಳು ಅವರ ಪಕ್ಕದಿಂದಲೇ ಇಳಿದು, ಸಾಲುಮರಗಳ ಕೆಳಗೆ ಒಬ್ಬಳೇ ಬಸ್ಸಿನ ಕಡೆ ನಡೆದಳು.