ಒಪ್ಪತ್ತಿನ ಗುಳಿಗೆ

ನನ್ನ ಗಂಡ ಗುಳಿಗೆ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರು ತಾವಾಗಿ ಏನನ್ನೂ ಬಿಟ್ಟವರಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಅದೇ ಅವರ ಜೀವಕ್ಕೆ ಕುತ್ತು ತಂದಿತು.

ಶಹಾಪುರದ ಹತ್ತಿರ ಕಾಲುವೆಯ ಗೇಟು ಎತ್ತುವುದು, ಇಳಿಸುವುದು ಅವರ ಕೆಲಸ. ನೀರು ಬಂದು ನಮ್ಮ ಕಡೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದ ಕಾಲ. ಇಂಜಿನಿಯರು ಎಷ್ಟು ಹೇಳಿದರೋ ಅಷ್ಟೇ ನೀರು ಬಿಡಬೇಕು ಎನ್ನುವುದು ಇವರ ಹಟ. ಸ್ವಂತ ಸೋದರಮಾವ ಬಂದು, “ನನ್ನ ಭತ್ತ ಒಣಗಾಕತ್ತದ, ಸ್ವಲ್ಪ ಎತ್ತಪಾ” ಎಂದು ಗೋಗರೆದರೂ, “ಸಾಹೇಬ್ರು ಹೇಳ್ಲಿ, ಎತ್ತತೀನಿ” ಎಂದು ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದರು. ಸಂಬಂಧಿಕರಲ್ಲಿ ಅರ್ಧ ಜನ ನಮ್ಮೊಡನೆ ಮಾತು ಬಿಟ್ಟದ್ದು ಇದರಿಂದಲೇ. ಇಂಥ ಮನುಷ್ಯನಿಗೆ ಹೇಳಿದ್ದು ಕೇಳದವನು ಎಂಬ ಹೆಸರು ಬಂತಲ್ಲ, ಅದನ್ನು ನಾನು ಹೇಗೆ ನುಂಗಲಿ?

ಆ ವರ್ಷ ಮಳೆಗಾಲಕ್ಕೆ ಮುಂಚೆ, ಗೇಟಿನ ಚಕ್ರಕ್ಕೆ ಗ್ರೀಸು ಹಚ್ಚುತ್ತಿರುವಾಗ ಅವರಿಗೆ ಎದೆ ಹಿಡಿದುಕೊಂಡಿತು. ಮೊದಲು ಯಾದಗಿರಿ, ಅಲ್ಲಿಂದ ದೊಡ್ಡ ಶಹರದ ಆಸ್ಪತ್ರೆ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ ಎಂದು ಸ್ಟೆಂಟ್ ಹಾಕಿದರು. ನಮ್ಮ ಕಡೆ ಎಲ್ಲರೂ ಅದನ್ನು ಸ್ಪ್ರಿಂಗ್ ಅನ್ನುತ್ತಾರೆ. ಹಾಕಿದ ಡಾಕ್ಟರು ತಿಂಗಳಿಗೊಮ್ಮೆ ಯಾದಗಿರಿಗೂ ಬಂದು ರೋಗಿಗಳನ್ನು ನೋಡುತ್ತಿದ್ದರು. ಮನೆಗೆ ಕಳಿಸುವಾಗ ನಗುನಗುತ್ತಾ ಹೇಳಿದರು:

“ನಿಮ್ಮ ಕಾಲುವಿ ಇದ್ದಂಗ ಅಂತ ತಿಳ್ಕೋರಿ. ಹೂಳು ತೆಗದೀವಿ, ಸ್ಪ್ರಿಂಗ್ ಹಾಕೀವಿ. ಇನ್ನ ಸರಾಗ ಹರೀತದ. ಗುಳಿಗಿ ಎರಡೂ ಹೊತ್ತು, ಊಟಾದ ಮ್ಯಾಲೆ ತಗೊಳ್ರಿ. ಉಪ್ಪು ಕಡಿಮಿ, ಎಣ್ಣಿ ಕಡಿಮಿ. ಬೀಡಿ ಬಂದ್.”

ಅಷ್ಟೇ. ನಮ್ಮವರಿಗೆ ಆ ಮಾತು ಬಹಳ ಹಿಡಿಸಿತು. ಹೂಳು ತೆಗೆದ ಕಾಲುವೆಯನ್ನು ಅವರು ಕಂಡವರು. ಒಮ್ಮೆ ತೆಗೆದರೆ ಆ ಹಂಗಾಮಿಗೆ ಚಿಂತೆಯಿಲ್ಲ. ಬೀಡಿ ಅವತ್ತೇ ಬಿಟ್ಟರು. ಉಪ್ಪಿಲ್ಲದ ಸಾರನ್ನು ಮುಖ ಕಿವಿಚದೆ ಉಂಡರು.

ಶ್ರಾವಣ ಬಂತು. ನಮ್ಮ ಮನೆಯಲ್ಲಿ ಮಾವನವರ ಕಾಲದಿಂದಲೂ ಆ ತಿಂಗಳೆಲ್ಲ ಗಂಡಸರಿಗೆ ಒಪ್ಪತ್ತು. ಮಧ್ಯಾಹ್ನ ಲಿಂಗಪೂಜೆ ಮುಗಿಸಿ ಒಂದೇ ಊಟ, ಆಮೇಲೆ ಮರುದಿನದವರೆಗೆ ಬರೀ ನೀರು. ಈ ವರ್ಷ ಬಿಡಿ ಎಂದು ನಾನು ಅಂದೆ.

“ಉಪ್ಪು ಬ್ಯಾಡ ಅಂದಾರ, ಬೀಡಿ ಬ್ಯಾಡ ಅಂದಾರ. ಒಪ್ಪತ್ತು ಬ್ಯಾಡ ಅಂದಾರೇನು?” ಎಂದರು.

ಅಂದಿರಲಿಲ್ಲ. “ಮತ್ತ ರಾತ್ರಿ ಗುಳಿಗಿ?” ಎಂದು ಕೇಳಿದೆ.

“ಊಟಾದ ಮ್ಯಾಲೆ ಅಂತ ಹೇಳ್ಯಾರ. ರಾತ್ರಿ ಊಟನ ಇಲ್ಲಂದ್ರ ಗುಳಿಗಿ ಎಲ್ಲಿಂದ ಬಂತು? ಬರಿಹೊಟ್ಟಿಲೆ ತಗೊಂಡ್ರ ಹೊಟ್ಟಿ ಸುಡ್ತದ.”

ಮಾತು ನನಗೂ ಸರಿಯೆನಿಸಿತು. ನಮ್ಮ ಕಡೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗುವವರು ಯಾರಿದ್ದಾರೆ? ತಲೆನೋವಿನ ಗುಳಿಗೆಗೂ ಮೊದಲು ಅರ್ಧ ರೊಟ್ಟಿ ತಿನ್ನುವ ಜನ ನಾವು. ಎರಡು ಹೊತ್ತಿನ ಊಟಕ್ಕೆ ಎರಡು ಹೊತ್ತಿನ ಗುಳಿಗೆ, ಒಂದು ಹೊತ್ತಿಗೆ ಒಂದು. ಓಣಿಯವರೂ ಬಂದು ಹೊಗಳಿಯೇ ಹೊಗಳಿದರು. “ಎದಿಗೆ ಸ್ಪ್ರಿಂಗ್ ಹಾಕಿದ್ರೂ ವ್ರತ ಬಿಟ್ಟಿಲ್ಲ ನೋಡ್ರಿ!”

ಶ್ರಾವಣ ಇನ್ನೂ ಮುಗಿದಿರಲಿಲ್ಲ. ಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಮೈಯೆಲ್ಲ ಬೆವರು. ವಿಭೂತಿ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಮತ್ತೆ ಅದೇ ಯಾದಗಿರಿ, ಅದೇ ದೂರದ ಆಸ್ಪತ್ರೆ. ಹಾಕಿದ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರು ಅದನ್ನು ಬಿಡಿಸಿದರು, ಜೀವ ಉಳಿಸಿದರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಹೃದಯದ ಒಂದು ಭಾಗ ಸತ್ತೇ ಹೋಗಿತ್ತು. ಇನ್ನು ಗೇಟಿನ ಚಕ್ರ ತಿರುಗಿಸುವ ಮಾತಿಲ್ಲ ಎಂದರು.

ಮರುದಿನ ವಾರ್ಡಿಗೆ ಬಂದ ಡಾಕ್ಟರು ಎಲ್ಲರೆದುರು ಬೈದರು. “ಗುಳಿಗಿ ಯಾಕ ಬಿಟ್ರಿ? ಜೀವದ ಮ್ಯಾಲೆ ಆಸಿ ಇಲ್ಲೇನು? ನೀವು ಹಳ್ಳಿ ಮಂದಿ ಹೇಳಿದ್ದೊಂದೂ ಕೇಳಂಗಿಲ್ಲ!”

ನಮ್ಮವರು ಸೂಜಿ ಚುಚ್ಚಿದ್ದ ಕೈಯನ್ನೂ ಎತ್ತಿ ಮುಗಿದರು. “ತಪ್ಪಾತ್ರಿ ಸಾಹೇಬ್ರ.”

ಏನು ತಪ್ಪು? ಯಾರ ತಪ್ಪು? ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಕಣ್ಣಲ್ಲೇ ಬೇಡವೆಂದರು. ಸ್ಟೆಂಟ್ ಎಂಬ ಆ ಲೋಹದ ಜಾಲರಿಗೆ ರಕ್ತ ಅಂಟಿ ಹೆಪ್ಪುಗಟ್ಟಬಹುದೆಂದೂ, ಅದನ್ನು ತಡೆಯುವುದೇ ಆ ಗುಳಿಗೆಯೆಂದೂ, ಉಂಡರೂ ಉಣ್ಣದಿದ್ದರೂ ಒಂದು ಹೊತ್ತೂ ತಪ್ಪಿಸಬಾರದೆಂದೂ ಆಮೇಲೆ ನನಗೆ ತಿಳಿಸಿದ್ದು ವಾರ್ಡಿನ ನರ್ಸು. ಕೈ ತೊಳೆದುಕೊಳ್ಳುತ್ತಲೇ ಹೇಳಿ ಮುಗಿಸಿದಳು. ಕಾಲುವೆಯ ಕಥೆ ಹೇಳಲು ಪುರುಸೊತ್ತಿದ್ದ ಡಾಕ್ಟರಿಗೆ ಇಷ್ಟು ಹೇಳಲು ಪುರುಸೊತ್ತಿರಲಿಲ್ಲ.

ಊರಿಗೆ ಬಂದರೆ ಹೊಗಳಿದ್ದ ಬಾಯಿಗಳೇ, “ಇಂಥಾದ್ರಾಗ ಒಪ್ಪತ್ತು ಯಾಕ ಬೇಕಿತ್ತು?” ಎನ್ನತೊಡಗಿದವು. ಅವರಿಗೆ ಚಹಾ ಕೂಡ ಕೊಡದೆ ಕಳಿಸಿದೆ.

ಮುಂದಿನ ಸಲ ತೋರಿಸಲು ಯಾದಗಿರಿಗೆ ಹೋದೆವು. ಹೊರಗೆ ಜನ ಕಿಕ್ಕಿರಿದಿದ್ದರಿಂದ ಡಾಕ್ಟರು ಇಬ್ಬರು ಮೂವರನ್ನು ಒಟ್ಟಿಗೇ ಒಳಗೆ ಕರೆಯುತ್ತಿದ್ದರು. ನಮಗಿಂತ ಮುಂದೆ ಸುರಪುರದ ಕಡೆಯ ದೇವಾಪುರದ ಮುದುಕಿಯೊಬ್ಬಳು ಕೂತಿದ್ದಳು. ಹಣೆ ತುಂಬ ವಿಭೂತಿ. ಅವಳಿಗೂ ಹೊಸದಾಗಿ ಸ್ಟೆಂಟ್ ಹಾಕಿದ್ದರು.

“ಹೂಳು ತೆಗದೀವವ್ವಾ, ಫಿಕರ್ ಮಾಡಬ್ಯಾಡ. ಗುಳಿಗಿ ಎರಡೂ ಹೊತ್ತು, ಊಟಾದ ಮ್ಯಾಲೆ” ಎಂದು ಡಾಕ್ಟರು ಬರೆಯುತ್ತಾ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿದೆ: “ಯವ್ವಾ, ಸೋಮವಾರ ರಾತ್ರಿ ಉಣ್ತೀಯೇನು?”

“ಇಲ್ಲ ತಂಗಿ. ಸೋಮವಾರ ಒಪ್ಪತ್ತು. ಅಮಾಸಿಗೆ ಪೂರಾ ಉಪಾಸ.”

“ಮತ್ತ ಅವತ್ತಿನ ಗುಳಿಗಿ?”

ಇಷ್ಟೂ ತಿಳಿಯದೇ ಎಂಬಂತೆ ಮುದುಕಿ ನನ್ನನ್ನು ನೋಡಿದಳು. “ಊಟನ ಇಲ್ಲಂದ ಮ್ಯಾಲೆ ಗುಳಿಗಿ ಎಲ್ಲೀದು?”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

“ಕೇಳಿದ್ರೇನ್ರಿ?” ಎಂದೆ. “ಈಕಿನೂ ನೀವು ಹೇಳಿದ್ದನ್ನ ಕೇಳಾಕತ್ತಾಳ.”

ನಮ್ಮವರು ಹಿಂದಿನಿಂದ ನನ್ನ ಸೆರಗು ಎಳೆದರು. “ಸುಮ್ಮನ ಕೂಡು, ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ” ಎಂದೆ. ನನ್ನ ಧ್ವನಿ ಹೊರಗಿನ ಬೆಂಚಿನವರೆಗೂ ಕೇಳಿಸಿರಬೇಕು.

ಡಾಕ್ಟರು ಕುರ್ಚಿಯನ್ನು ಮುದುಕಿಯ ಕಡೆ ಎಳೆದುಕೊಂಡು ಮೊದಲಿನಿಂದ ಹೇಳತೊಡಗಿದರು. ಜಾಲರಿ, ಅಂಟಿಕೊಳ್ಳುವ ರಕ್ತ, ಹೆಪ್ಪು, ಉಪವಾಸವಿದ್ದರೂ ತಪ್ಪಬಾರದ ಗುಳಿಗೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಮುದುಕಿ ತಲೆಯಾಡಿಸುತ್ತಾ ಕೇಳಿದಳು. ನಮ್ಮವರೂ ಕೇಳಿದರು.

ಎಲ್ಲ ಮುಗಿದ ಮೇಲೆ ಅವರು ನನ್ನ ಸೆರಗು ಬಿಟ್ಟು ಮೆಲ್ಲಗೆ ಎದ್ದು ನಿಂತರು. ಈ ಸಲ ಕೈ ಮುಗಿಯಲಿಲ್ಲ.

“ಸಾಹೇಬ್ರ, ಇಷ್ಟು ನನಗ ಅವತ್ತ ಯಾಕ ಹೇಳಲಿಲ್ರಿ?”