ಕಾಫಿ ಹೋಟೆಲಿನ ಮುಂದೆ ಒಂದು ಯುದ್ಧವಿಮಾನ

ಹಾಸನದ ಬಸ್ಸು ಚನ್ನರಾಯಪಟ್ಟಣ ಇನ್ನೂ ಸ್ವಲ್ಪ ದೂರವಿರುವಾಗ ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಕಾಫಿಗೆಂದು ನಿಂತಿತು. ಅಲ್ಲೊಂದು ಉದ್ದನೆಯ ಲಾರಿಯ ಮೇಲೆ, ರೆಕ್ಕೆ ಕಳಚಿದ ಹಳೆಯ ಯುದ್ಧವಿಮಾನವಿತ್ತು. ದೆಹಲಿಯ ಮ್ಯೂಸಿಯಮ್ಮಿಗೆ ಹೋಗುತ್ತಿದೆಯಂತೆ. ಇಳಿದವರೆಲ್ಲ ಫೋಟೋ ತೆಗೆಯತೊಡಗಿದರು.

ನನ್ನ ಪಕ್ಕದ ಸೀಟಿನಲ್ಲಿದ್ದ ನುಗ್ಗೇಹಳ್ಳಿಯ ಗೌರಮ್ಮ, ಎಪ್ಪತ್ತು ದಾಟಿದವರು, ನೇರವಾಗಿ ಲಾರಿ ಡ್ರೈವರ್ ಹತ್ತಿರ ಹೋದರು.

“ನಮ್ಮಣ್ಣ ಇಂತದ್ನೇ ಓಡುಸ್ತಿದ್ದ ಕಣಪ್ಪ. ಬಿದ್ದು ಸತ್ತೋದ. ಪೆಟ್ಟಿಗೆ ಬಂತು, ಮುಖ ನೋಡೋಕೆ ಬುಡ್ಲಿಲ್ಲ. ಇದ್ರಾಗೆ ಎಲ್ಲಿ ಕೂರ್ತಿದ್ದ ಅವ್ನು?”

ಡ್ರೈವರ್ ಏಣಿ ತಂದು ಹಾಕಿದರು. ಪೈಲಟ್ ಕೂರುವ ಜಾಗಕ್ಕೆ ಹೊದಿಸಿದ್ದ ಟಾರ್ಪಾಲು ಸರಿಸಿ, ಕೈ ಹಿಡಿದು ಅವರನ್ನು ಹತ್ತಿಸಿದರು. ಗಾಜಿನೊಳಗೆ ಒಂದೇ ಒಂದು ಸೀಟು. ಮೊಣಕೈ ಆಡಿಸಲೂ ಜಾಗವಿಲ್ಲ. ಗೌರಮ್ಮ ಬಗ್ಗಿ ಬಹಳ ಹೊತ್ತು ನೋಡಿದರು.

“ಇಷ್ಟು ಇಕ್ಕಟ್ಟಾ? ಅಣ್ಣ ಉದ್ದುಕಿದ್ದ. ಕಾಲೆಲ್ಲಿ ಮಡಗ್ತಿದ್ನೋ.”

“ಮ್ಯೂಸಿಯಮ್ಗೋದ್ಮೇಲೆ ಯಾರ್ನೂ ಮುಟ್ಟೋಕೆ ಬುಡಲ್ಲ ಕಣವ್ವಾ. ಈಗ್ಲೇ ಮುಟ್ಬುಡಿ,” ಎಂದರು ಡ್ರೈವರ್.

ಗೌರಮ್ಮ ಸೆರಗಿನಿಂದ ಗಾಜಿನ ಧೂಳನ್ನು ಒರೆಸತೊಡಗಿದರು, ಮಲಗಿದ ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ. ಬಸ್ಸು ಹೊರಡುವ ಹೊತ್ತಾಗಿತ್ತು. ವಿಷಲ್ ಬಾಯಿಗಿಟ್ಟ ಕಂಡಕ್ಟರ್ ಅವರತ್ತ ನೋಡಿ, ಊದದೆ ಅದನ್ನು ಕೆಳಗಿಳಿಸಿದರು.